ಪೆನ್ನು ಯಾರ ಕೈಲಿದೆ?

'ಮೆಮೆಂಟೊ' ಒಂದೇ ಸಲ ನೋಡಿ ಪೂರ್ತಿ ಅರ್ಥ ಆಯ್ತು ಅನ್ನೋರು ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಸಿಕ್ಕಿಲ್ಲ. ನಾವು ಐದು ಜನ ಮೂರು ಸಲ ನೋಡಿದ್ದೇವೆ. ಇಲ್ಲಿ ಕ್ಲೈಮ್ಯಾಕ್ಸ್ ಬಗ್ಗೆಯೇ ಬರೀತಿರೋದ್ರಿಂದ, ಇನ್ನೂ ನೋಡದವರು ನೋಡಿ ಬಂದು ಓದಿ.

ಕ್ರಿಸ್ಟೋಫರ್ ನೋಲನ್ ನಿರ್ದೇಶನದ ಈ ಚಿತ್ರ ಬಂದಿದ್ದು 2000ರಲ್ಲಿ. ಕಥೆಯ ಎಳೆ ಅವರ ತಮ್ಮ ಜೊನಾಥನ್ ಅವರದು. ನಾಯಕ ಲೆನರ್ಡ್‌ಗೆ ತಲೆಗೆ ಪೆಟ್ಟು ಬಿದ್ದ ಮೇಲೆ ಹೊಸ ನೆನಪು ನಿಲ್ಲೋದಿಲ್ಲ. ಹಳೇದೆಲ್ಲ ನೆನಪಿದೆ, ಸ್ವಲ್ಪ ಹೊತ್ತಿನ ಹಿಂದೆ ಆಡಿದ ಮಾತು ಮಾಯ. ಹೆಂಡತಿಯನ್ನು ಕೊಂದವನನ್ನು ಹುಡುಕೋಕೆ ಅವನಿಗಿರೋದು ಪೋಲರಾಯ್ಡ್ ಫೋಟೊ, ಚೀಟಿ ಮತ್ತು ಮೈಮೇಲಿನ ಹಚ್ಚೆ. ಬಣ್ಣದ ದೃಶ್ಯಗಳು ಹಿಂದು ಹಿಂದಕ್ಕೆ ಸಾಗಿದರೆ ಕಪ್ಪು-ಬಿಳುಪಿನವು ಮುಂದಕ್ಕೆ ಸಾಗಿ, ಕೊನೆಗೆ ಎರಡೂ ಕೂಡುತ್ತವೆ. ಹಾಗಾಗಿ ಬಣ್ಣದ ದೃಶ್ಯ ಶುರುವಾದಾಗ ಇದಕ್ಕೆ ಮುಂಚೆ ಏನಾಯ್ತು ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. 'ಗಜನಿ' ನೋಡಿದವರಿಗೆ ಹಚ್ಚೆ ಹೊಸದಲ್ಲ. ಆದರೆ ಅಲ್ಲಿ ಸೇಡು ತೀರೋದು ನಿಜವಾದ ಖಳನ ಮೇಲೆ. ಇಲ್ಲಿ ಆ ಗ್ಯಾರಂಟಿ ಇಲ್ಲ.

ಒಂದು ದೃಶ್ಯ ನಮ್ಮನ್ನು ತುಂಬಾ ಕಾಡಿತು. ನಟಾಲಿ ಮನೆಯಲ್ಲಿರೋ ಪೆನ್ನುಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು, ಲೆನರ್ಡ್‌ನನ್ನು ಬೇಕಂತಲೇ ಕೆಣಕಿ ಹೊಡೆಸಿಕೊಳ್ಳುತ್ತಾಳೆ. ಆಮೇಲೆ ಹೊರಗೆ ಕಾರಲ್ಲಿ ಸುಮ್ಮನೆ ಕೂತು ಕಾಯುತ್ತಾಳೆ. ಅವನು ಬರೆದಿಟ್ಟುಕೊಳ್ಳೋಕೆ ಪೆನ್ನು ಹುಡುಕ್ತಾನೆ, ಸಿಗೋಲ್ಲ. ವಾಪಸ್ ಬಂದು, ಬೇರೆ ಯಾರೋ ಹೊಡೆದ ಅಂತಾಳೆ. ಅವನೇ ಸಮಾಧಾನ ಮಾಡ್ತಾನೆ!

ಅದಕ್ಕಿಂತ ಭಯಾನಕ ಅಂದ್ರೆ ಕೊನೆಯಲ್ಲಿ ಪೆನ್ನು ಅವನ ಕೈಲೇ ಇರೋದು. ನಿಜವಾದ ಅಪರಾಧಿಯನ್ನು ನೀನು ಕೊಂದು ವರ್ಷದ ಮೇಲಾಯ್ತು ಅಂತಾನೆ ಟೆಡ್ಡಿ. ಲೆನರ್ಡ್ ಫೋಟೊಗಳನ್ನು ಸುಟ್ಟು, ಟೆಡ್ಡಿಯ ಕಾರಿನ ನಂಬರನ್ನೇ ಹೊಸ ಸುಳಿವು ಅಂತ ಬರೆದುಕೊಳ್ಳುತ್ತಾನೆ. ನಾಳೆಯ ತನಗೆ ತಾನೇ ಮೋಸ.

ಇದಾದ ಮೇಲೆ ನಮ್ಮಲ್ಲೊಬ್ಬ ತನ್ನ ಅಜ್ಜಿಯ ವಿಷಯ ತೆಗೆದ. ಅವರಿಗೆ ಮರೆವಿನ ಕಾಯಿಲೆ. ತೀರಿಹೋದ ಅಜ್ಜ ಎಲ್ಲಿ ಅಂತ ದಿನಾ ಕೇಳ್ತಾರಂತೆ. ಮೊದಮೊದಲು ನಿಜ ಹೇಳಿದರೆ, ಪ್ರತಿಸಲ ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅಳ್ತಿದ್ರು. ಈಗ ಮನೆಯವರೆಲ್ಲ "ತೋಟಕ್ಕೆ ಹೋಗಿದಾರೆ" ಅಂತಾರೆ. "ನಾವೂ ಟೆಡ್ಡಿನೇ ಅಲ್ವೇನೋ?" ಅಂದ.

ಅಲ್ಲ ಅಂದೆವು. ಆ ಸುಳ್ಳಿಂದ ಅಜ್ಜಿಗೆ ಒಂದು ತುತ್ತು ಊಟ ಸೇರುತ್ತೆ, ಮನೆಯವರಿಗೆ ಲಾಭವಿಲ್ಲ. ಆದರೆ ನಾಳೆ ಯಾರೋ ಜಮೀನಿನ ಕಾಗದ ಹಿಡಿದು "ನಿನ್ನೆ ನೀವೇ ಒಪ್ಪಿದ್ರಲ್ಲಾ" ಅಂದರೆ, ಅಜ್ಜಿ ಅದನ್ನೂ ನಂಬುತ್ತಾರೆ. ನೆನಪಿಲ್ಲದವರ ಪರವಾಗಿ ಬರೆಯೋ ಪೆನ್ನು ಯಾವಾಗಲೂ ಬೇರೆಯವರ ಕೈಲೇ ಇರುತ್ತೆ. ಮನೆಯಲ್ಲಿ ಒಬ್ಬರಾದರೂ ನಿಜದ ಲೆಕ್ಕ ಇಟ್ಟಿರಬೇಕು.

ಅಜ್ಜನ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಇನ್ನೂ ಒಮ್ಮತವಿಲ್ಲ. ಇಬ್ಬರು ನಿಜ ಹೇಳಲೇಬೇಕು ಅಂತಾರೆ, ಮೂವರು ಬೇಡ ಅಂತಾರೆ. ನೀವೇನಂತೀರಿ?