ಕಳ್ಳಿಗೂ ಡಿಶ್ಶಿಗೂ ಒಂದೇ ಕ್ಯಾಮೆರಾ

ರೇಡಿಯೊ ದೂರದರ್ಶಕಗಳ ಫೋಟೊ ತೆಗೆಯುವುದು ಒಂದು ಹುಚ್ಚು, ಕಳ್ಳಿಗಿಡಗಳ ಫೋಟೊ ತೆಗೆಯುವುದು ಇನ್ನೊಂದು. ಎರಡೂ ಒಬ್ಬರಿಗೇ ಹಿಡಿದರೆ ಎಲ್ಲಿಂದೆಲ್ಲಿಯ ನಂಟು ಎಂದು ನೋಡುವವರಿಗೆ ಅನ್ನಿಸುವುದು ಸಹಜ. ನನ್ನ ಪಾಲಿಗೆ ಅವು ಎರಡಲ್ಲ, ಒಂದೇ. ಬೇಕಾದದ್ದು ತೀರಾ ಕಡಿಮೆ ಸಿಗುವ ಕಡೆ ಬಾಳಬೇಕಾದ ಗಿಡಕ್ಕಾಗಲಿ, ಯಂತ್ರಕ್ಕಾಗಲಿ ಮೈಯಲ್ಲಿ ಶೋಕಿಗೆ ಜಾಗ ಉಳಿದಿರುವುದಿಲ್ಲ. ಕಳ್ಳಿಗೆ ನೀರಿನ ಬರ, ದೂರದರ್ಶಕಕ್ಕೆ ಸಂಕೇತದ ಬರ. ಆಕಾಶದಿಂದ ಬರುವ ರೇಡಿಯೊ ಅಲೆ ನಮ್ಮ ಮೊಬೈಲ್ ಗೋಪುರದ ಅಲೆಯ ಮುಂದೆ ಲೆಕ್ಕಕ್ಕೇ ಸಿಗದಷ್ಟು ಕ್ಷೀಣ. ಆ ಬರವನ್ನು ಎದುರಿಸಿದ ಬಗೆಯೇ ಎರಡರ ಆಕಾರವಾಗಿದೆ. ಕ್ಯಾಮೆರಾಗೆ ಆಕಾರ ಮತ್ತು ಬೆಳಕು ಬಿಟ್ಟರೆ ಬೇರೇನೂ ಕಾಣದು. ಹಾಗಾಗಿ, ಮಾಡುವ ಕೆಲಸವೆಲ್ಲ ಆಕಾರದಲ್ಲೇ ಬಂದುಬಿಟ್ಟಿರುವ ವಸ್ತುಗಳೇ ಕ್ಯಾಮೆರಾಗೆ ಹೇಳಿಮಾಡಿಸಿದವು ಎಂಬುದು ನನ್ನ ವಾದ.

ಇದನ್ನು ಪರೀಕ್ಷಿಸಲು ಅರಿಜೋನಾದ ಮರುಭೂಮಿಗೆ ಹೋಗಬೇಕಿಲ್ಲ. ಮೈಸೂರಿನ ವಾಯವ್ಯಕ್ಕಿರುವ ಹೂಟಗಳ್ಳಿಯಂಥ ಕಡೆ, ಕಾರ್ಖಾನೆಗಳ ಬೆನ್ನಿಗೇ ಬಡಾವಣೆಗಳು ಬೆಳೆದ ಜಾಗದಲ್ಲಿ, ಮಾಳಿಗೆಯ ಮೇಲೆ ಡಿಶ್ಶೂ ಪ್ಯಾರಪೆಟ್ಟಿನ ಮೇಲೆ ಕುಂಡದ ಕಳ್ಳಿಯೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಟೆಲಿ ಲೆನ್ಸ್ ಹಾಕಿ ಸಾಲುಮನೆಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದರೆ ಡಿಶ್ಶುಗಳೆಲ್ಲ ಆಗ್ನೇಯದ ಆಚೀಚೆ ಮುಖ ಮಾಡಿರುವುದು ಕಾಣುತ್ತದೆ. ನಮ್ಮ ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ನೆತ್ತಿಯಲ್ಲಿ, ಮೈಸೂರಿಗಿಂತ ಪೂರ್ವದ ರೇಖಾಂಶಗಳಲ್ಲಿ ನಿಂತಿವೆ. ಮನೆಯವರ ವಾಸ್ತು ಏನೇ ಇರಲಿ, ಡಿಶ್ಶಿಗೆ ಬೇರೆ ದಿಕ್ಕಿಲ್ಲ. ಮಾರ್ಚ್‌ನಲ್ಲೂ ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೂ ಕೆಲವು ದಿನ, ಕೆಲವೇ ನಿಮಿಷ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಸೂರ್ಯನ ರೇಡಿಯೊ ಗದ್ದಲದಲ್ಲಿ ಟಿವಿ ಸಂಕೇತ ಮಸುಕಾಗುತ್ತದೆ. ಆ ಹೊತ್ತಿನಲ್ಲಿ ಮಾಳಿಗೆಯ ಡಿಶ್ ನಿಜವಾಗಿಯೂ ಒಂದು ಪುಟ್ಟ ರೇಡಿಯೊ ದೂರದರ್ಶಕ. ಇದು ಉತ್ಪ್ರೇಕ್ಷೆಯಲ್ಲ. 1937ರಲ್ಲಿ ಗ್ರೋಟ್ ರೀಬರ್ ಎಂಬ ಹವ್ಯಾಸಿ ಅಮೆರಿಕದ ವೀಟನ್ ಊರಿನ ತನ್ನ ಹಿತ್ತಿಲಲ್ಲಿ, ಸ್ವಂತ ಖರ್ಚಿನಲ್ಲಿ ಒಂಬತ್ತು ಮೀಟರಿಗೂ ಅಗಲದ ಡಿಶ್ ಕಟ್ಟಿ ಆಕಾಶದ ರೇಡಿಯೊ ನಕ್ಷೆ ತೆಗೆಯಲು ಹೊರಟ. ಈ ವಿದ್ಯೆಯ ಬೇರೇ ಮನೆಯಂಗಳದಲ್ಲಿದೆ.

ಮೊದಲ ಆಕ್ಷೇಪ ಗಟ್ಟಿಯಾದದ್ದು. ರೇಡಿಯೊ ಅಲೆ ಕ್ಯಾಮೆರಾಗೆ ಕಾಣುವುದೇ ಇಲ್ಲ. ಅಂದಮೇಲೆ ಸಿಗುವುದು ಬರೀ ಕಬ್ಬಿಣದ ಚಿತ್ರವಲ್ಲವೇ? ಅಲ್ಲ. ಕ್ಯಾಮೆರಾಗೆ ಕಾಣದಿರುವುದೇ ಇಲ್ಲಿ ಸಾಕ್ಷಿಯಾಗುತ್ತದೆ. ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕದ ಡಿಶ್ಶನ್ನು ನೋಡಿ. ಒಂದೊಂದೂ 45 ಮೀಟರ್ ಅಗಲ, ಅಂಥವು ಮೂವತ್ತು. ಅದರ ಮೈ ತಗಡಲ್ಲ, ಹಗ್ಗದಂತೆ ಬಿಗಿದ ತಂತಿಗಳ ಮೇಲೆ ಹಾಸಿದ ಸ್ಟೀಲ್ ಜಾಲರಿ. ಕಣ್ಣುಗಳು ಹತ್ತರಿಂದ ಇಪ್ಪತ್ತು ಮಿಲಿಮೀಟರ್. ಕೆಳಗಿನಿಂದ ಲೆನ್ಸ್ ಎತ್ತಿದರೆ ಜಾಲರಿಯ ಆಚೆ ನೀಲಿ ಆಕಾಶ ಸರಾಗವಾಗಿ ಕಾಣುತ್ತದೆ. ಬೆಳಕಿಗೆ ಅದು ತೂತು. ಇಪ್ಪತ್ತೊಂದು ಸೆಂಟಿಮೀಟರಿನಿಂದ ಎರಡು ಮೀಟರಿನವರೆಗಿನ ಅಲೆಗೆ ಅದೇ ನುಣುಪಾದ ಕನ್ನಡಿ. ಅಲೆಗಿಂತ ತೂತು ಬಹಳ ಸಣ್ಣದಿದ್ದರೆ ಅಲೆಗೆ ತೂತು ಇದ್ದರೂ ಇಲ್ಲದಂತೆ. ಗಾಳಿಗೆ ಎದೆಯೊಡ್ಡಬೇಕಿಲ್ಲದ ಕಾರಣ ಅಷ್ಟು ದೊಡ್ಡ ಡಿಶ್ಶನ್ನು ಅಷ್ಟು ಹಗುರವಾಗಿ ಕಟ್ಟಲಾಯಿತು. ಇದೆಲ್ಲವೂ ಆ ಒಂದು ಫೋಟೊದಲ್ಲಿದೆ: ಜಾಲರಿಯೊಳಗಿಂದ ಕಂಡ ಮೋಡ, ಈ ಪಾತ್ರೆ ಬೆಳಕನ್ನು ಹಿಡಿಯಲು ಮಾಡಿದ್ದಲ್ಲ ಎಂದು ಹೇಳುತ್ತದೆ. ಚಿಲಿಯ ಆಟಕಾಮಾದಲ್ಲಿ 5,000 ಮೀಟರ್ ಎತ್ತರದಲ್ಲಿರುವ ಆಲ್ಮಾ ದೂರದರ್ಶಕದ ಡಿಶ್ಶುಗಳಲ್ಲಿ ಜಾಲರಿಯ ಸುಳಿವಿಲ್ಲ, ಒಂದೂ ತೂತಿಲ್ಲದ ಲೋಹದ ಮೈ; ಅಲ್ಲಿ ಹಿಡಿಯುವ ಅಲೆ ಮಿಲಿಮೀಟರ್ ಲೆಕ್ಕದ್ದು. ಎರಡೂ ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಅಲೆಯ ಉದ್ದ ಕಣ್ಣಿಗೇ ಕಟ್ಟುತ್ತದೆ. ಮೈಸೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಊಟಿಯದು. ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ 1970ರಲ್ಲಿ ಸಿದ್ಧವಾದ ಆ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲ. ಅದನ್ನು ಮಲಗಿಸಿರುವ ಗುಡ್ಡದ ಇಳಿಜಾರು ಸುಮಾರು ಹನ್ನೊಂದು ಡಿಗ್ರಿ, ಆ ಊರಿನ ಅಕ್ಷಾಂಶವೂ ಅಷ್ಟೇ. ಹಾಗಾಗಿ ಅದರ ಉದ್ದನೆಯ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರ. ಒಂದೇ ಅಚ್ಚಿನಲ್ಲಿ ತಿರುಗಿಸಿದರೆ ನಕ್ಷತ್ರದ ಹಿಂದೆ ಹೋಗಬಹುದು. ಆ ಗುಡ್ಡವನ್ನು ಚೌಕಟ್ಟಿನಿಂದ ಕತ್ತರಿಸಿದವನು ದೂರದರ್ಶಕದ ಅರ್ಧ ಭಾಗವನ್ನೇ ಕತ್ತರಿಸಿದಂತೆ.

ನಮ್ಮ ರಾಜ್ಯದ ಗೌರಿಬಿದನೂರು ಈ ವಾದಕ್ಕೆ ಕಠಿಣವಾದ ಒರೆಗಲ್ಲು, ಏಕೆಂದರೆ ಅಲ್ಲಿ ಡಿಶ್ಶೇ ಇಲ್ಲದ ದೂರದರ್ಶಕವಿದೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಿಂದ ನಡೆಸಿಕೊಂಡು ಬಂದ ಆ ಕೇಂದ್ರದ ಹಳೆಯ ವ್ಯೂಹದಲ್ಲಿ ಡೈಪೋಲ್ ಎಂಬ ಒಂದು ಸಾವಿರ ತಂತಿ ಆಂಟೆನಾಗಳು, ಟಿ ಆಕಾರದಲ್ಲಿ. ಪೂರ್ವ-ಪಶ್ಚಿಮದ ತೋಳೇ ಸುಮಾರು ಒಂದೂಕಾಲು ಕಿಲೋಮೀಟರಿಗೂ ಮಿಕ್ಕಿ. ಹೊರಗಿನಿಂದ ನೋಡಿದರೆ ಬಟ್ಟೆ ಒಣಹಾಕಲು ಕಂಬ ನೆಟ್ಟು ತಂತಿ ಕಟ್ಟಿದಂತೆ. ಹಿಡಿಯುತ್ತಿದ್ದ ಅಲೆ 34.5 ಮೆಗಾಹರ್ಟ್ಸ್, ಎಂದರೆ ಸುಮಾರು ಎಂಟು ಮುಕ್ಕಾಲು ಮೀಟರ್ ಉದ್ದದ್ದು. ಅಷ್ಟುದ್ದದ ಅಲೆಗೆ ಡಿಶ್ ಕಟ್ಟುವುದಾದರೆ ಊರನ್ನೇ ಮುಚ್ಚಬೇಕು. ಅದರ ಬದಲು ಆಂಟೆನಾಗಳನ್ನೇ ನೆಲದ ಮೇಲೆ ಡಿಶ್ಶಿನ ಹಾಗೆ ಹರಡಿದರು. ಇಲ್ಲಿ ಒಂದು ಕಂಬದ ಚಿತ್ರ ಏನನ್ನೂ ಹೇಳದು. ಸಾಲಿನ ನೇರಕ್ಕೆ ನಿಂತು, ಅಪರ್ಚರ್ ಸಣ್ಣದು ಮಾಡಿ, ಮೊದಲ ಕಂಬದಿಂದ ಕೊನೆಯದರವರೆಗೆ ಫೋಕಸ್ ಉಳಿಸಿಕೊಂಡರೆ ಮಾತ್ರ ಆ ಉದ್ದವೇ ವಿಷಯವಾಗುತ್ತದೆ. ಸೂರ್ಯನನ್ನು ನೋಡಲು 1997ರಲ್ಲಿ ಅಲ್ಲೇ ಆರಂಭವಾದ ರೇಡಿಯೊಹೀಲಿಯೊಗ್ರಾಫ್‌ನ ಆಂಟೆನಾಗಳು ಬೇರೆ ರೂಪದವು. ನಡುವಿನ ದಂಡಕ್ಕೆ ಎರಡೂ ಕಡೆ ಸಾಲಾಗಿ ಕಡ್ಡಿಗಳು, ಬುಡದಲ್ಲಿ ಉದ್ದ, ತುದಿಗೆ ಬರುತ್ತಾ ಗಿಡ್ಡ. ಒಂದೊಂದು ಉದ್ದದ ಕಡ್ಡಿ ಒಂದೊಂದು ಅಲೆಗೆ ಸ್ಪಂದಿಸುತ್ತದೆ. ಅದನ್ನು ಪಕ್ಕದಿಂದ ತೆಗೆಯಬೇಕು. ಕೆಳಗಿನಿಂದ ನಾಟಕೀಯವಾಗಿ ತೆಗೆದರೆ ಕಡ್ಡಿಗಳ ಅಳತೆಯ ಕ್ರಮವೇ ಮಾಯವಾಗುತ್ತದೆ, ಆಗ ಚಿತ್ರ ಚೆಂದವಾದರೂ ಸುಳ್ಳಾಗುತ್ತದೆ.

ಚೆಂದದ ಮಾತು ಬಂದಾಗ ಇನ್ನೊಂದು, ಹೆಚ್ಚು ಆಳವಾದ ಆಕ್ಷೇಪವನ್ನು ಎದುರಿಸಲೇಬೇಕು. 1920ರ ದಶಕದ ಜರ್ಮನಿಯಲ್ಲಿ ಆಲ್ಬರ್ಟ್ ರೆಂಗರ್-ಪಾಚ್ ಎಂಬ ಛಾಯಾಗ್ರಾಹಕ ಕಳ್ಳಿಯಂಥ ಗಿಡಗಳನ್ನೂ ಕಾರ್ಖಾನೆಯ ಯಂತ್ರಗಳನ್ನೂ ಒಂದೇ ನಿಖರ ಕಣ್ಣಿನಿಂದ ತೆಗೆದು, 1928ರಲ್ಲಿ ಪುಸ್ತಕವಾಗಿ ತಂದ. ವಿಮರ್ಶಕ ವಾಲ್ಟರ್ ಬೆಂಜಮಿನ್ ಅದನ್ನು ಒಪ್ಪಲಿಲ್ಲ. ಇಂಥ ಛಾಯಾಗ್ರಹಣ ಯಾವುದನ್ನು ಮುಟ್ಟಿದರೂ ಸುಂದರ ಮಾಡಿಬಿಡುತ್ತದೆ, ಆದರೆ ಆ ವಸ್ತುವಿನ ಹಿಂದಿನ ಮನುಷ್ಯ ಸಂಬಂಧಗಳನ್ನು ತೋರಿಸುವುದಿಲ್ಲ ಎಂಬುದು ಅವನ ದೂರು. ಕಾರ್ಖಾನೆಯ ಚಿತ್ರ ಕಾರ್ಖಾನೆಯ ಬಗ್ಗೆ ಹೆಚ್ಚುಕಡಿಮೆ ಏನೂ ಹೇಳುವುದಿಲ್ಲವೆಂಬ ನಾಟಕಕಾರ ಬ್ರೆಕ್ಟ್‌ನ ಮಾತನ್ನೂ ಅವನು ಬೆಂಬಲಕ್ಕೆ ತಂದ. ಕಾರ್ಖಾನೆಯ ವಿಷಯದಲ್ಲಿ ಅವರಿಬ್ಬರೂ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಹೂಟಗಳ್ಳಿಯ ಕೈಗಾರಿಕಾ ಪ್ರದೇಶದ ಯಾವ ಶೆಡ್ಡಿನ ಗೋಡೆಯನ್ನು ಎಷ್ಟು ಚೆನ್ನಾಗಿ ತೆಗೆದರೂ ಒಳಗಿನ ಪಾಳಿ, ಸಂಬಳ, ಗುತ್ತಿಗೆ ಅದರಲ್ಲಿ ಮೂಡುವುದಿಲ್ಲ. ಗೋಡೆಯ ಆಕಾರಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಆದರೆ ಆ ಟೀಕೆಯನ್ನು ಎಲ್ಲ ವಸ್ತುವಿಗೂ ಹಚ್ಚಲಾಗದು. ಜಾಲರಿಯ ಕಣ್ಣಿನ ಅಳತೆ ಅದರ ಕೆಲಸವೇ. ದೂರದರ್ಶಕವನ್ನು ಕಟ್ಟಿದ, ತುಕ್ಕು ಕೆರೆದ, ತಂತಿ ಬಿಗಿದ ಕೈಗಳು ಚೌಕಟ್ಟಿನ ಹೊರಗೆ ಉಳಿಯುತ್ತವೆ, ನಿಜ. ಅದಕ್ಕೆ ನನಗೆ ತೋಚುವ ಉತ್ತರ ಸರಳ: ಕೆಲಸಗಾರರು ಮೇಲೆ ಹತ್ತಿರುವಾಗ, ಅವರ ಒಪ್ಪಿಗೆ ಪಡೆದು, ಅವರನ್ನೂ ಸೇರಿಸಿಯೇ ತೆಗೆಯಿರಿ. ಡಿಶ್ಶಿನ ಗಾತ್ರ ತಿಳಿಯಲು ಮನುಷ್ಯನಿಗಿಂತ ಒಳ್ಳೆಯ ಅಳತೆಗೋಲೂ ಇಲ್ಲ.

ಕಳ್ಳಿಗೆ ಬರೋಣ. ನಮ್ಮಲ್ಲಿ ಮರುಭೂಮಿಯಿಲ್ಲ, ಪಾಪಾಸುಕಳ್ಳಿ ಹೊರಗಿನಿಂದ ಬಂದ ಕಳೆ, ಅದಕ್ಕೇನು ಇಷ್ಟು ಮರ್ಯಾದೆ ಎನ್ನುವವರಿದ್ದಾರೆ. ಹೊರಗಿನದು ಎಂಬುದು ನಿಜ. ಒಂದು ಅಪವಾದ ಬಿಟ್ಟರೆ ಕ್ಯಾಕ್ಟಸ್ ಕುಟುಂಬವೆಲ್ಲ ಅಮೆರಿಕ ಖಂಡಗಳದ್ದು. ಮುರಿದರೆ ಹಾಲು ಸುರಿಸುವ ನಮ್ಮ ಬೇಲಿಯ ಕಳ್ಳಿಗಳು ಹರಳುಗಿಡದ ಕುಟುಂಬಕ್ಕೆ ಸೇರಿದವು. ಬೇರೆಬೇರೆ ಕುಲದ ಗಿಡಗಳು ಬೇರೆಬೇರೆ ಖಂಡಗಳಲ್ಲಿ ಒಂದೇ ಬರಕ್ಕೆ ಒಂದೇ ಮೈಯನ್ನು ಉತ್ತರವಾಗಿ ಕಂಡುಕೊಂಡಿದ್ದೇ ನನ್ನ ವಾದಕ್ಕೆ ಸಿಗಬಹುದಾದ ಅತಿ ಬಲವಾದ ಪುರಾವೆ. ವ್ಯತ್ಯಾಸ ಹಿಡಿಯಲು ಮ್ಯಾಕ್ರೊ ಲೆನ್ಸ್ ಬೇಕು. ಪಾಪಾಸುಕಳ್ಳಿಯ ಮುಳ್ಳು ನೇರ ತೊಗಟೆಯಿಂದ ಏಳುವುದಿಲ್ಲ; ಕಂದು ರೋಮದ ಸಣ್ಣ ಮೆತ್ತೆಯೊಂದಿದೆ, ಏರಿಯೋಲ್ ಎನ್ನುತ್ತಾರೆ. ಅದರ ನಡುವಿನಿಂದ ಉದ್ದನೆಯ ಮುಳ್ಳುಗಳು, ಸುತ್ತ ಕೂದಲೆಳೆಯಷ್ಟು ತೆಳುವಾದ ಸಣ್ಣ ಮುಳ್ಳುಗಳ ಗೊಂಚಲು. ಬೆರಳಿಗೆ ಹೊಕ್ಕರೆ ಹಿಂದಕ್ಕೆ ಬಾರದಿರುವವು ಇವೇ. ಎದುರು ಬೆಳಕಿನಲ್ಲಿ ತೆಗೆದರೆ ಗೊಂಚಲು ಹೊಂಬಣ್ಣಕ್ಕೆ ತಿರುಗುತ್ತದೆ. ಹಾಲುಗಳ್ಳಿಯಲ್ಲಿ ಈ ಮೆತ್ತೆಯಿಲ್ಲ. ಪಾಪಾಸುಕಳ್ಳಿಯ ಕೆಲವು ಹಾಳೆಗಳ ಮೇಲೆ ಹತ್ತಿ ಅಂಟಿಸಿದಂಥ ಬಿಳಿ ಚುಕ್ಕೆಗಳಿರುತ್ತವೆ. ಅದು ಹಿಟ್ಟುತಿಗಣೆಯ ಸಂಬಂಧಿ ಕೊಚಿನೀಲ್ ಹುಳು, ಒತ್ತಿದರೆ ಕಡುಗೆಂಪು ರಸ. ದಕ್ಷಿಣ ಭಾರತದ ಹೊಲಗಳನ್ನು ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ತಗ್ಗಿಸಲು 1926ರಲ್ಲಿ ಸಿಲೋನಿನಿಂದ ತರಿಸಿದ್ದು ಈ ಕುಲದ ಹುಳುವನ್ನೇ. ಕಳೆಯೆಂದು ಮುಖ ತಿರುಗಿಸಿದರೆ ಈ ಚರಿತ್ರೆಯೂ ಕಾಣದೆ ಹೋಗುತ್ತದೆ.

ಬೆಳಕಿನ ಬಗ್ಗೆ ನನ್ನದು ಜಗಳವೇ ಇದೆ. ಸೂರ್ಯಾಸ್ತದ ಕೆಂಪು, ಅದರೆದುರು ಕಪ್ಪು ಕಳ್ಳಿ, ಹಿಂದೆ ಕಪ್ಪು ಡಿಶ್: ಇಂಥ ಚಿತ್ರ ಎರಡರ ಹೊರಗೆರೆಯನ್ನು ಮಾತ್ರ ಉಳಿಸಿ ಉಳಿದದ್ದನ್ನೆಲ್ಲ ನುಂಗಿಹಾಕುತ್ತದೆ. ಕಳ್ಳಿಯ ಚಪ್ಪಟೆ ಹಾಳೆ ಎಲೆಯಲ್ಲ, ಕಾಂಡ. ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು ಗಾಳಿ ಹೀರಿಟ್ಟುಕೊಂಡು ಹಗಲಲ್ಲಿ ಬಾಗಿಲು ಹಾಕಿ ಅಡುಗೆ ಮಾಡುವ ಗಿಡ ಇದು. ಹಲವು ಕಡೆ ಈ ಹಾಳೆಗಳು ಪೂರ್ವ-ಪಶ್ಚಿಮಕ್ಕೆ ಮುಖ ಮಾಡುವ ಒಲವು ತೋರುತ್ತವೆ. ಬೆಳಗ್ಗೆ, ಸಂಜೆ ಬಿಸಿಲು ಅಗಲಕ್ಕೆ ಬೀಳುತ್ತದೆ. ಮಟಮಟ ಮಧ್ಯಾಹ್ನ ಬರೀ ಅಂಚಿಗೆ. ಮೈಸೂರಿನಲ್ಲಿ ಏಪ್ರಿಲ್ ಇಪ್ಪತ್ತರ ಆಚೀಚೆಯೂ ಆಗಸ್ಟ್ ಇಪ್ಪತ್ತರ ಆಚೀಚೆಯೂ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಅಂಥ ದಿನ ಒಂದೇ ಗಿಡವನ್ನು ಬೆಳಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನಕ್ಕೊಮ್ಮೆ, ಟ್ರೈಪಾಡ್ ಕದಲಿಸದೆ ತೆಗೆದರೆ ಗಿಡ ಬಿಸಿಲಿನೊಡನೆ ಮಾಡಿಕೊಂಡ ಒಪ್ಪಂದ ಎರಡು ಚಿತ್ರಗಳ ನಡುವೆ ತಾನೇ ಓದಿಸಿಕೊಳ್ಳುತ್ತದೆ. ಮಧ್ಯಾಹ್ನದ ಬೆಳಕು ಕೆಟ್ಟದ್ದೆಂದು ಕಲಿಸುವ ಪಾಠ ಮುಖಗಳ ಚಿತ್ರಕ್ಕೆ ಸರಿಯಿರಬಹುದು. ಕಳ್ಳಿಗಲ್ಲ.

ದೂರದರ್ಶಕಕ್ಕೆ ಮರುಭೂಮಿ ಬೇಕೇ ಬೇಕೆ? ಆಲ್ಮಾದಂಥದ್ದಕ್ಕೆ ಬೇಕು, ಗಾಳಿಯ ನೀರಾವಿ ಮಿಲಿಮೀಟರ್ ಅಲೆಯನ್ನು ಹೀರಿಬಿಡುತ್ತದೆ. ಉದ್ದನೆಯ ಅಲೆಗೆ ತೇವದ ಹೆದರಿಕೆಯಿಲ್ಲ, ಮನುಷ್ಯರ ಗದ್ದಲದ್ದೇ ಹೆದರಿಕೆ. ಅಂಥ ಅಲೆಗೆ ನೀರೇ ಬೇಕಾದದ್ದೂ ಉಂಟು. ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ತಮ್ಮ ಸರಸ್ ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಸಿದರು; ಕೆಳಗೆ ಕಲ್ಲುಮಣ್ಣಿನ ಏರುಪೇರಿಲ್ಲದ, ಒಂದೇ ಸಮನಾದ ನೀರು ಬೇಕಿತ್ತು. ನೀರ ನಡುವಿನ ಆ ಪುಟ್ಟ ಲೋಹದ ಶಂಕುವೂ ಕಳ್ಳಿಯ ಪಕ್ಕದ ಡಿಶ್ಶಿನಷ್ಟೇ ನನ್ನ ಆಸೆಯ ವಸ್ತು.

ಕೊನೆಯ ಆಕ್ಷೇಪ ದೂರದರ್ಶಕದವರದೇ: ಡಿಜಿಟಲ್ ಕ್ಯಾಮೆರಾ ತಾನೇ ರೇಡಿಯೊ ಗದ್ದಲ ಮಾಡುತ್ತದೆ. ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ 100 ಮೀಟರಿನ ದೂರದರ್ಶಕದ ಬಳಿಗೆ ಅದನ್ನು ಒಯ್ಯುವಂತಿಲ್ಲ; ಕಿಡಿ ಹಾರಿಸುವ ಪೆಟ್ರೋಲ್ ಎಂಜಿನ್ ಬದಲು ಡೀಸೆಲ್ ಗಾಡಿಯಲ್ಲೇ ಹೋಗಬೇಕು, ಫಿಲ್ಮ್ ಕ್ಯಾಮೆರಾಗೆ ಮಾತ್ರ ಅಡ್ಡಿಯಿಲ್ಲ. ಈ ನಿಯಮ ನನಗೆ ಪೂರ್ತಿ ಒಪ್ಪಿಗೆ. ವಸ್ತುವಿನ ಕೆಲಸ ಕೆಡಿಸಿ ಅದರ ಚಿತ್ರ ತೆಗೆಯುವುದರಲ್ಲಿ ಅರ್ಥವಿಲ್ಲ. ಕಪ್ಪು-ಬಿಳುಪು ಫಿಲ್ಮ್ ಈ ಎರಡು ವಸ್ತುಗಳಿಗೂ ಚೆನ್ನಾಗಿಯೇ ಒಗ್ಗುತ್ತದೆ. ಬಿಳಿ ಡಿಶ್ಶಿಗೆ ಮೀಟರ್ ತೋರಿಸಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಕೊಡಬೇಕು, ಇಲ್ಲವಾದರೆ ಬೂದಿಯಾಗುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗಿ ಜಾಲರಿಯ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಕಳ್ಳಿಗೆ ಅದೇ ಕೆಂಪು ಹಾಕಿದರೆ ಹಸಿರು ಹಾಳೆ ಕಪ್ಪಾಗಿ ಏರಿಯೋಲ್ ಅದರಲ್ಲಿ ಮುಳುಗಿಹೋಗುತ್ತದೆ, ಅಲ್ಲಿ ಹಸಿರು ಫಿಲ್ಟರ್ ಬೇಕು. ಎರಡೂ ಒಂದೇ ಚೌಕಟ್ಟಿನಲ್ಲಿದ್ದರೆ ಹಳದಿ ಹಾಕಿ, ಆಕಾಶವನ್ನು ಸ್ವಲ್ಪ ಬಿಟ್ಟುಕೊಡುವುದೇ ಮೇಲು.