ಕೊನೆಯಲ್ಲಿ ಬಂದವನೇ ಸುದ್ದಿಯಾದ

ಮೆಗನ್ ಗ್ರಿಫಿತ್ಸ್ ಎಂಬ ನಿರ್ದೇಶಕಿಯ 'ಲಕ್ಕಿ ದೆಮ್' ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ ತಯಾರಾದ ಒಂದು ಸಣ್ಣ ಅಮೆರಿಕನ್ ಚಿತ್ರ. 2013ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಮರುವರ್ಷ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ನಾನು ಅದನ್ನು ನೋಡಿದ್ದೇ ತಡವಾಗಿ, ಅದರ ವಿಮರ್ಶೆಗಳನ್ನು ಓದಿದ್ದು ಇನ್ನೂ ತಡವಾಗಿ. ಚಿತ್ರಕ್ಕಿಂತ ವಿಮರ್ಶೆಗಳೇ ನನ್ನನ್ನು ಹೆಚ್ಚು ದಿನ ಕಾಡಿದವು.

ಕಥೆ ಸಿಯಾಟಲ್ ನಗರದ್ದು. ನಿರ್ವಾಣ ತಂಡದ ಕರ್ಟ್ ಕೊಬೇನ್ 1994ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ. ಸತ್ತ ಗಾಯಕನನ್ನು ದಂತಕಥೆಯಾಗಿಸುವುದು ಏನೆಂದು ಆ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಎಲ್ಲೀ ಕ್ಲಗ್ ಎಂಬ ಸಂಗೀತ ಪತ್ರಕರ್ತೆ. ಆಕೆಯ ಪತ್ರಿಕೆ ಮುಳುಗುತ್ತಿದೆ. ಕೆಲಸ ಉಳಿಯಬೇಕಾದರೆ ಮ್ಯಾಥ್ಯೂ ಸ್ಮಿತ್ ಬಗ್ಗೆ ಬರೆದುಕೊಡು ಎಂದು ಸಂಪಾದಕ ಪಟ್ಟುಹಿಡಿಯುತ್ತಾನೆ. ಮ್ಯಾಥ್ಯೂ ವರ್ಷಗಳ ಹಿಂದೆ ಕಾಣೆಯಾದ, ಸತ್ತನೆಂದೇ ಜನ ನಂಬಿರುವ ಗಾಯಕ. ಎಲ್ಲೀಯ ಹಳೆಯ ಪ್ರಿಯಕರ. ಡಾಕ್ಯುಮೆಂಟರಿ ತೆಗೆಯುವ ಹುಚ್ಚು ಹತ್ತಿದ ಶ್ರೀಮಂತ ಚಾರ್ಲಿಯನ್ನು ಜೊತೆಗಿಟ್ಟುಕೊಂಡು ಅವಳು ಹುಡುಕಲು ಹೊರಡುತ್ತಾಳೆ.

ವಿಮರ್ಶಕರು ಒಟ್ಟಾರೆ ಚಿತ್ರವನ್ನು ಮೆಚ್ಚಿಕೊಂಡರು. ಎಲ್ಲೀಯಾಗಿ ಟೋನಿ ಕೊಲೆಟ್ ಅಭಿನಯವನ್ನೂ, ನಗದೆ ನಗಿಸುವ ಥಾಮಸ್ ಹೇಡನ್ ಚರ್ಚ್‌ನ ಚಾರ್ಲಿಯನ್ನೂ ಹೊಗಳಿದರು. ಕಥೆಯ ಜಾಡು ಹಳೆಯದೆಂಬ ದೂರೂ ಬಂತು. ದೂರಿನಲ್ಲಿ ಹುರುಳಿದೆ, ಎಳೆಯ ಗಾಯಕ ಲೂಕಸ್‌ನೊಂದಿಗಿನ ಪ್ರೇಮ ಎತ್ತ ಸಾಗುತ್ತದೆಂದು ನಾನೂ ಮೊದಲೇ ಊಹಿಸಿದ್ದೆ.

ಆದರೆ ಚಿತ್ರದ ಕೊನೆಗೆ ಮ್ಯಾಥ್ಯೂ ಸಿಗುತ್ತಾನೆ. (ಗುಟ್ಟು ಒಡೆದೆನೆಂದು ಓದುಗರು ಮುನಿಯಬಾರದು, ಅದನ್ನು ಪತ್ರಿಕೆಗಳು ಎಂದೋ ಒಡೆದಿವೆ.) ಆ ಪಾತ್ರದಲ್ಲಿ ಕೆಲವೇ ನಿಮಿಷ ಕಾಣಿಸಿಕೊಂಡದ್ದು ಜಾನಿ ಡೆಪ್. ಹೆಸರು ಹಾಕಿಸಿಕೊಳ್ಳದೆ ನಟಿಸಿದ ಅವನೇ ಸುದ್ದಿಯಾದ. ಆ ಪ್ರವೇಶ ಕೆಲವರಿಗೆ ಸೊಗಸೆನಿಸಿತು, ಕೆಲವರಿಗೆ ರಸಭಂಗ. ಹೇಗಿದ್ದರೂ ಮಾತೆಲ್ಲ ಅವನತ್ತ ಹೊರಳಿತು. ಎಲ್ಲೀಯ ಪಾಡೂ ಅದೇ ತಾನೆ? ಎಷ್ಟು ಬರೆದರೂ ಲೋಕಕ್ಕೆ ಅವಳು ಮ್ಯಾಥ್ಯೂವಿನ ಹಳೆಯ ಗೆಳತಿ.

ಎಮಿಲಿ ವಾಕ್ಟೆಲ್ ಎಂಬ ಹೆಣ್ಣುಮಗಳು ತನ್ನದೇ ಬದುಕಿನಿಂದ ಎತ್ತಿಕೊಂಡ ಕಥೆಯಿದು. ಚಿತ್ರಕಥೆಗೆ ಹಕ್ ಬೊಟ್ಕೊ ಜೊತೆಯಾದರು. ಅವಳ ಬೆನ್ನಿಗೆ ನಿಂತವರು ಹಿರಿಯ ನಟ ಪಾಲ್ ನ್ಯೂಮನ್. ಅವರು 2008ರಲ್ಲಿ ತೀರಿಕೊಂಡರು, ಚಿತ್ರ ಅವರಿಗೇ ಅರ್ಪಣೆ. ಅವರ ಪತ್ನಿ ಜೋನ್ ವುಡ್‌ವರ್ಡ್ ನಿರ್ಮಾಣದಲ್ಲಿ ಕೈಜೋಡಿಸಿದರು. ಇಷ್ಟು ವರ್ಷ ಕಾದು ಹೆಣ್ಣೊಬ್ಬಳು ತನ್ನ ಕಥೆಯನ್ನು ತೆರೆಗೆ ತಂದರೆ, ಸುದ್ದಿ ಕೊನೆಯಲ್ಲಿ ಬಂದವನದು!

ಗಂಡ ಗಲ್ಫಿಗೆ ಹೋದ ಮೇಲೆ ಬೀಡಿ ಕಟ್ಟಿ ಮನೆ ನಡೆಸುವವಳ ಬಗ್ಗೆ ನಾನೊಂದು ಕಥೆ ಬರೆದಿದ್ದೆ. ವಿಮರ್ಶೆ ಬರೆದ ಮಹನೀಯರೊಬ್ಬರು ಗಲ್ಫ್ ದುಡಿಮೆಯ ಬಗ್ಗೆ ಮೂರು ಪುಟ ಬರೆದರು. ಬೀಡಿ ಕಟ್ಟಿದವಳಿಗೆ ಸಿಕ್ಕಿದ್ದು ಎರಡೇ ವಾಕ್ಯ. ಕಥೆಯಲ್ಲಿ ಆ ಗಂಡ ಒಮ್ಮೆಯೂ ಬಾಯಿ ಬಿಡುವುದಿಲ್ಲ.

ಉರ್ದು ಶಾಲೆಯಲ್ಲಿ ನಾವು ಓದಿದ ಗಜಲುಗಳಲ್ಲಿ ಮೆಹಬೂಬ್ ಬರುವುದೇ ಅಪರೂಪ. ಬಾರದಿರುವುದರಿಂದಲೇ ಅವನು ದೊಡ್ಡವನು. ಇಂತಿಜಾರ್ ಮಾತ್ರ ಹಾಡುವವರ ಪಾಲಿನದು. ಗ್ರಿಫಿತ್ಸ್ ಅವನನ್ನು ಕರೆತಂದು ಎದುರಿಗೇ ನಿಲ್ಲಿಸಿದರು. ಅದು ಧೈರ್ಯ. ಆದರೆ ಡೆಪ್ ಬದಲು ಯಾವನೋ ಗುರುತಿಲ್ಲದ ನಟ ಬಂದಿದ್ದರೆ ಚೆನ್ನಿತ್ತು. ಆಗ ಅವನು ಬರೀ ಒಬ್ಬ ಮನುಷ್ಯನಾಗಿರುತ್ತಿದ್ದ. ನಾವೆಲ್ಲ ಕೊಲೆಟ್‌ಳ ಮುಖವನ್ನೇ ನೋಡುತ್ತಿದ್ದೆವು: ಇಷ್ಟು ವರ್ಷ ಮನಸ್ಸಿನಲ್ಲಿ ಹೊತ್ತವನು ಇವನೇನಾ ಎಂದು ಅಳೆಯುತ್ತಿರುವ ಆ ಕಣ್ಣುಗಳನ್ನು.