ಮದುಮಗಳ ಕೈಯ ಹೂವು

ಮದುವೆಯ ಮನೆಯಲ್ಲಿ ಅಡಿಗೆಯ ಲೆಕ್ಕ, ಉಡುಗೊರೆಯ ಲೆಕ್ಕ ಹೇಗೋ ಒಂದು ದಿನ ಮುಗಿಯುತ್ತವೆ. ಹೂವಿನ ಲೆಕ್ಕ ಮಾತ್ರ ಮುಹೂರ್ತದ ಹಿಂದಿನ ದಿನದವರೆಗೂ ಮುಗಿಯುವುದಿಲ್ಲ. ನಮ್ಮ ತಂಗಿಯ ಮಗಳ ವಿವಾಹದಲ್ಲಿ ಈ ಭಾರವು ನಮ್ಮ ಹೆಗಲಿಗೆ ಬಂದಿತು. ಹಗಲು ಹನ್ನೊಂದಕ್ಕೆ ಉಡುಪಿಯಲ್ಲಿ ಧಾರೆ. ಸಂಜೆ ಮಣಿಪಾಲದಲ್ಲಿ ಆರತಕ್ಷತೆ. ವರನ ಕಡೆಯವರು ಕಾರ್ಕಳದವರು. ಸಂಜೆಗೆ ಹುಡುಗಿಯ ಕೈಯಲ್ಲಿ, ಪೇಟೆಯವರು ಬೊಕೆ ಎನ್ನುವ ಹೂಗುಚ್ಛವೊಂದು ಇದ್ದರೆ ಚೆನ್ನೆಂದು ಅವರು ಹೇಳಿಕಳುಹಿಸಿದ್ದರು.

ಇದೆಲ್ಲಿಯ ಪರದೇಶದ ಪದ್ಧತಿ ಎಂದು ನಮ್ಮಲ್ಲಿ ಹಿರಿಯರೊಬ್ಬರು ಗೊಣಗಿದರು. ನಮಗೆ ಹಾಗೆನಿಸಲಿಲ್ಲ. ಕಾರ್ಕಳದ ಅತ್ತೂರಿನ ಕಡೆಯ ಕ್ರೈಸ್ತ ಮದುವೆಗಳಿಗೆ ಹೋದವರಿಗೆ ಮದುಮಗಳ ಕೈಯ ಹೂಗುಚ್ಛವು ಹೊಸದಲ್ಲ. ಅದೇ ಮದುಮಗಳು ಮುಡಿಗೆ ಮಲ್ಲಿಗೆಯನ್ನೂ ಬಿಡುವುದಿಲ್ಲ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ 1840ರಲ್ಲಿ ತನ್ನ ಮದುವೆಯ ದಿನ ತಲೆಗೆ ಕಿತ್ತಳೆ ಹೂವಿನ ಮಾಲೆಯನ್ನೇ ಧರಿಸಿದ್ದಳಷ್ಟೆ. ಹೆಣ್ಣು ಹೂವನ್ನು ಮುಡಿಯಲಿ, ಹಿಡಿಯಲಿ, ಅದಕ್ಕೆ ವಾದವೇಕೆ? ಯಾವ ಹೂವು ಎಂಬುದೇ ವಿಚಾರ.

ಮಣಿಪಾಲದ ಅಂಗಡಿಯೊಂದಕ್ಕೆ ಹೋದೆವು. ಬೆಂಗಳೂರಿನ ಕಡೆಯ ಹಸಿರುಮನೆಗಳಲ್ಲಿ ಬೆಳೆದ ಗುಲಾಬಿ, ಜರ್ಬೆರಾ, ಕಾರ್ನೇಶನ್‌ಗಳು ಉದ್ದುದ್ದ ಕಾಂಡಗಳೊಡನೆ ನೀರಿನಲ್ಲಿ ನಿಂತಿದ್ದವು. ನೋಟಕ್ಕೆ ಸೊಗಸು, ಮೂಸಿದರೆ ತಣ್ಣೀರಿನ ವಾಸನೆ. ಹುಡುಗಿ ಮಾತ್ರ ಒಂದನ್ನೂ ಮುಟ್ಟದೆ, “ಮಾವಾ, ಅಜ್ಜಿಯ ಗಿಡದ ಮಲ್ಲಿಗೆಯಲ್ಲಿ ಗುಚ್ಛ ಕಟ್ಟಲಿಕ್ಕೆ ಆಗುವುದಿಲ್ಲವಾ?” ಎಂದಳು.

ಆ ಅಜ್ಜಿ ಹುಡುಗಿಯ ತಂದೆಯ ತಾಯಿ. ಮನೆ ಶಂಕರಪುರದ ಬಳಿ. ಮೈಸೂರು ಮತ್ತು ಹಡಗಲಿಯ ಮಲ್ಲಿಗೆಗಳಂತೆ ಉಡುಪಿ ಮಲ್ಲಿಗೆಯೂ ಭೌಗೋಳಿಕ ಗುರುತನ್ನು ಪಡೆದಿದೆಯೆಂಬುದನ್ನು ವಾಚಕರು ಬಲ್ಲರು. ಆ ಹೂವಿನ ತವರು ಈ ಶಂಕರಪುರ. ಅಲ್ಲಿ ಹೂವನ್ನು ತೂಗುವುದಿಲ್ಲ, ಎಣಿಸುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಂದರೆ ಅಟ್ಟೆಗೆ 3,200 ಹೂವು. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒಂದೊಂದನ್ನೇ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಕಳುಹಿಸಬೇಕು. ದರ ದಿನಕ್ಕೊಂದು ಬಗೆ. ಇತ್ತೀಚಿನ ವರ್ಷಗಳಲ್ಲಿ ಶುಭಕಾರ್ಯಗಳ ಕಾಲದಲ್ಲಿ ಅಟ್ಟೆಗೆ 2,100 ರೂಪಾಯಿಯವರೆಗೂ ಏರಿದ್ದುಂಟು. ಹೂವು ರಾಶಿಬಿದ್ದ ದಿನ ಕೊಯ್ದ ಕೂಲಿಯೂ ಹುಟ್ಟದು. ಹುಡುಗಿಯ ತಂದೆ ಓದಿದ್ದು ಈ ಬಾಳೆನಾರಿನ ಬಲದಿಂದಲೇ.

ಮಲ್ಲಿಗೆಗೆ ಇನ್ನೊಂದು ಗುಣವುಂಟು. ಬೆಳಗ್ಗೆ ಕೊಯ್ದ ಮೊಗ್ಗು ಕತ್ತಲಾಗುವ ಹೊತ್ತಿಗೆ ಬಿರಿಯುತ್ತದೆ, ಮರುದಿನ ಕಂದುತ್ತದೆ. ಒಂದೇ ದಿನದ ಹೂವು ಧಾರೆಯಲ್ಲಿ ಬಿಗಿದ ಮೊಗ್ಗಾಗಿಯೂ ಆರತಕ್ಷತೆಯಲ್ಲಿ ಅರಳಿಯೂ ಇರಬಲ್ಲುದು. ಆದರೆ ಹಿಡಿಯಲು ಉದ್ದ ಕಾಂಡವಿಲ್ಲ. ಮಾಲೆಯನ್ನು ಉಂಡೆಯಾಗಿ ಸುತ್ತಿ ಹಿಡಿಕೆ ಕಟ್ಟಬಹುದೆಂದು ಅಂಗಡಿಯವನೇ ಒಪ್ಪಿದನು.

ತೊಡಕು ಬಂದದ್ದು ಅಜ್ಜಿಯಿಂದ. ಅವರು ಗಂಡನನ್ನು ಕಳೆದುಕೊಂಡು ನಲವತ್ತು ವರ್ಷಗಳಾದುವು. “ಗಿಡದ ಹೂವು ಕೊಯ್ದುಕೊಳ್ಳಿ. ಕಟ್ಟುವುದು ಬೇರೆ ಮುತ್ತೈದೆಯರಿಂದ ಆಗಲಿ. ಮದುಮಗಳ ಹೂವಿಗೆ ನನ್ನ ಕೈ ಬೇಡ,” ಎಂದುಬಿಟ್ಟರು. ನೆರೆದ ಹೆಂಗಸರಲ್ಲಿ ಕೆಲವರು ತಲೆಯಾಡಿಸಿದರು, ಯಾರೂ ಎದುರಾಡಲಿಲ್ಲ.

ನಮಗೆ ಸುಮ್ಮನಿರಲಾಗಲಿಲ್ಲ. ನಲವತ್ತು ವರ್ಷ ಈ ಕೈ ಕಟ್ಟಿದ ಹೂವು ಎಲ್ಲಿಗೆ ಹೋಯಿತು? ಕಾಪುವಿನ ಮಾರಿಗುಡಿಯಲ್ಲಿ ಅಮ್ಮನವರಿಗೆ ಭಕ್ತರು ಒಪ್ಪಿಸುವ ಮಲ್ಲಿಗೆಯಲ್ಲಿ ಇವರದೂ ಇದ್ದಿರಬೇಕು. ಉಡುಪಿಯಲ್ಲಿ, ಮುಂಬಯಿಯಲ್ಲಿ ಎಷ್ಟೋ ಮದುಮಕ್ಕಳ ಜಡೆಗೆ ಏರಿರಬೇಕು. ಕಟ್ಟಿದವರು ಮುತ್ತೈದೆಯೋ ಅಲ್ಲವೋ ಎಂದು ಕಟ್ಟೆಯಲ್ಲಿ ಕೇಳಿದವರುಂಟೆ? ದುಡ್ಡು ಕೊಟ್ಟು ಕೊಂಡರೆ ಇಲ್ಲದ ದೋಷವು ಮೊಮ್ಮಗಳಿಗೆ ಪ್ರೀತಿಯಿಂದ ಕೊಟ್ಟರೆ ಹೇಗೆ ಹುಟ್ಟೀತು? ಇಷ್ಟನ್ನೂ ಹೇಳಿದೆವು. ಅಜ್ಜಿ ಕೇಳಿಸಿಕೊಂಡು ಅಂಗಳದ ಗಿಡಗಳ ಕಡೆ ನೋಡುತ್ತ ಕುಳಿತರು. ನಮ್ಮ ತರ್ಕವು ಅವರಿಗೆ ತಗಲಿದಂತೆ ಕಾಣಲಿಲ್ಲ. ಲೋಕದಲ್ಲಿ ತರ್ಕಕ್ಕೆ ಅಷ್ಟೆ ಬೆಲೆ.

ಹುಡುಗಿ ಮಾತ್ರ ವಾದಕ್ಕೆ ಇಳಿಯಲಿಲ್ಲ. ಅಜ್ಜಿಯ ಎದುರು ನೆಲದ ಮೇಲೆ ಕುಳಿತು, “ನೀವು ಕಟ್ಟದಿದ್ದರೆ ನಾನು ಅಂದು ಮಲ್ಲಿಗೆ ಮುಡಿಯುವುದೇ ಇಲ್ಲ, ಅಜ್ಜಿ. ಬೋಳು ಜಡೆಯಲ್ಲಿ ಧಾರೆಗೆ ನಿಲ್ಲುತ್ತೇನೆ,” ಎಂದಳು.

“ಹಾಗೆಲ್ಲ ಅಪಶಕುನದ ಮಾತಾಡಬೇಡ, ಮಗೂ,” ಎಂದು ಅಜ್ಜಿ ಗದರಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಯಾರಿಗೂ ಅಲ್ಲವೆಂಬಂತೆ, “ನಾರು ಹಿಂದಿನ ರಾತ್ರಿಯೇ ನೀರಿಗೆ ಹಾಕಿಡಬೇಕು,” ಎಂದರು.

ಮದುವೆಯ ಬೆಳಗ್ಗೆ ಒಂಬತ್ತಕ್ಕೆ ಮುಂಚೆಯೇ ಬಾಳೆಲೆಯ ಕಟ್ಟು ಉಡುಪಿಗೆ ಬಂದಿತು. ಜಡೆಗೆ ಒಂದು ಅಟ್ಟೆ ತುಂಬ ಇತ್ತು. ಗುಚ್ಛಕ್ಕೆ ಉಳಿದದ್ದು ಎರಡೇ ಚೆಂಡು. ಅದು ಸಾಲದೆ ಅಂಗಡಿಯವನು ನಡುವೆ ನಾಲ್ಕು ಕೆಂಪು ಗುಲಾಬಿಗಳನ್ನು ಸಿಕ್ಕಿಸಿದನು. ಕಾರ್ಕಳದವರು ಹೊಗಳಿದ್ದು ಆ ಗುಲಾಬಿಗಳನ್ನೇ. ಅಜ್ಜಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು, ಆರತಕ್ಷತೆಯ ಹೊತ್ತಿಗೆ ಮೊಗ್ಗು ಸರಿಯಾಗಿ ಬಿರಿಯಿತೇ ಎಂದು ಎರಡು ಸಲ ವಿಚಾರಿಸಿದರು.